ಡ್ರಾಯರಿನೊಳಗಿನ ಹೃದಯ

ಗುರಿ ಮೇಷ್ಟ್ರು ಇನ್ನೇನು ಸಾಯುತ್ತಾರೆ ಎಂದು ಯಂತ್ರ ಸಾರಿದಾಗ, ಪ್ರಯೋಗಶಾಲೆಯಲ್ಲಿ ನೆರೆದಿದ್ದವರೆಲ್ಲ ಅದನ್ನು ನಂಬಿದರು. ನಂಬದೆ ಉಳಿದವರು ಇಬ್ಬರೇ. ಒಬ್ಬರು, ಎದೆಗೆ ತಂತಿ ಅಂಟಿಸಿಕೊಂಡು ಮಂಚದ ಮೇಲೆ ಮಲಗಿದ್ದ ಸಾಕ್ಷಾತ್ ಗುರಿ ಮೇಷ್ಟ್ರು. ಇನ್ನೊಬ್ಬರು ಯಾರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಮೇಷ್ಟ್ರು ನಿಜವಾಗಿಯೇ ಸಾಯುತ್ತಿದ್ದರು.

ಇವರಿಗೆ ಆ ಹೆಸರು ವಿದ್ಯಾರ್ಥಿಗಳ ಕೊಡುಗೆ. ಕಾಲೇಜಿನ ಬಯೋಮೆಡಿಕಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಇವರು ಹಿರಿಯ ಅಧ್ಯಾಪಕರು. ಈ ಪದವಿಯ ಗುರಿಯೇನು, ಓದಿ ಹೊರಬೀಳುವವರಿಗೆ ಏನೇನು ಬಂದಿರಬೇಕು ಎಂಬ ಫಲಿತಾಂಶಗಳನ್ನು ಬರೆದುಕೊಡಿ ಎಂದು ಮೇಲಿನವರು ಕೇಳಿದಾಗ, ಉಳಿದವರೆಲ್ಲ ತಲೆ ತಪ್ಪಿಸಿಕೊಂಡರು. ಇವರು ತಲೆ ಕೊಟ್ಟರು. ನಮ್ಮ ವಿದ್ಯಾರ್ಥಿಗಳು ತಂಡವಾಗಿ ದುಡಿಯಬಲ್ಲರು. ಎದುರಿಗಿರುವವರಿಗೆ ಅರ್ಥವಾಗುವಂತೆ ಮಾತಾಡಬಲ್ಲರು. ನೀತಿ ಬಿಟ್ಟು ನಡೆಯರು. ಅಪಾಯದ ಗಂಟೆ ಬಾರಿಸಿದಾಗ ಮೊದಲು ಮನುಷ್ಯನನ್ನು ನೋಡಿ ಆಮೇಲೆ ಯಂತ್ರವನ್ನು ಸಂಶಯಿಸುವರು. ಎಲ್ಲಕ್ಕೂ ಕಳಶವಿಟ್ಟಂತೆ ಕೊನೆಯ ಸಾಲು: ಜೀವವಿರುವ ವ್ಯವಸ್ಥೆಯಿಂದ ಅಳತೆ ತೆಗೆದು ಅದರ ಅರ್ಥ ಹೇಳಬಲ್ಲರು.

ಈ ಕೊನೆಯ ಸಾಲಿನ ಮೇಲೆ ಮೇಷ್ಟ್ರಿಗೆ ಹೆತ್ತ ಮಮತೆ. ಊಟಕ್ಕೆ ಕುಳಿತಾಗಲೆಲ್ಲ ಅದನ್ನು ಹೆಂಡತಿಗೆ ಓದಿ ಹೇಳುತ್ತಿದ್ದರು.

"ವ್ಯವಸ್ಥೆ ಅನ್ನೋದು ಚೆನ್ನಾಗಿದೆಯೋ, ಶರೀರ ಅನ್ನೋದೋ?"

"ತಟ್ಟೇಲಿರೋದು ಆರಿಹೋಗ್ತಿದೆ ಕಣ್ರೀ, ಅದು ಚೆನ್ನಾಗಿಲ್ಲ" ಎನ್ನುತ್ತಿದ್ದರು ಆಕೆ.

ಎಲ್ಲ ಸುಖವಾಗಿಯೇ ಇತ್ತು, ಷಡ್ಡಕ ಬರುವವರೆಗೆ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಮೊದಲು ಅದೇ ಮನೆಗೆ ಅಳಿಯನಾಗಿ ಬಂದ. ಆಮೇಲೆ ಅದೇ ವಿಭಾಗಕ್ಕೆ ಅಧ್ಯಾಪಕನಾಗಿ ಬಂದ. ಎರಡು ಕಡೆಗೂ ಇವರಿಗಿಂತ ತಡವಾಗಿ ಬಂದು ಎರಡು ಕಡೆಯಲ್ಲೂ ಮುಂದಿನ ಸಾಲಿನಲ್ಲಿ ಕುಳಿತ. ಇವರು ಪಾಠ ಮಾಡುವಾಗ ವಿದ್ಯಾರ್ಥಿಗಳು ಗಡಿಯಾರ ನೋಡುತ್ತಿದ್ದರು. ಅವನು ಪಾಠ ಮಾಡುವಾಗ ಗಡಿಯಾರವೇ ನಿಂತು ಕೇಳುವಂತಿತ್ತು. ಅತ್ತೆಯ ಮನೆಯ ಮಿಕ್ಸರ್ ಕೆಟ್ಟಾಗ, ಅದು ಏಕೆ ಕೆಟ್ಟಿತೆಂಬುದನ್ನು ಇವರು ಸವಿಸ್ತಾರವಾಗಿ ವಿವರಿಸಿದ್ದರು. ಅವನು ರಿಪೇರಿ ಮಾಡಿಕೊಟ್ಟಿದ್ದ. ಅಂದಿನಿಂದ ಅತ್ತೆ ಬಂದವರಿಗೆಲ್ಲ ಒಂದೇ ಮಾತಿನಲ್ಲಿ ಇಬ್ಬರನ್ನೂ ಪರಿಚಯಿಸುತ್ತಿದ್ದರು: "ದೊಡ್ಡಳಿಯ ತುಂಬಾ ಓದ್ಕೊಂಡೋರು. ಚಿಕ್ಕಳಿಯ ಹಾಗಲ್ಲ, ಕೆಲಸಕ್ಕೆ ಬರ್ತಾರೆ."

ಅವನು ಸೊಕ್ಕಿನವನಾಗಿದ್ದರೆ ಮೇಷ್ಟ್ರು ಹೇಗೋ ಸಹಿಸಿಕೊಳ್ಳುತ್ತಿದ್ದರು. ಅವನಿಗೆ ಸೊಕ್ಕೂ ಇರಲಿಲ್ಲ. "ಭಾವ, ಭಾವ" ಎಂದು ಹಿಂದೆ ಬೀಳುತ್ತಿದ್ದ. ಮೇಷ್ಟ್ರ ಹೊಟ್ಟೆಯಲ್ಲಿದ್ದ ಬೆಂಕಿಗೆ ಅದಕ್ಕಿಂತ ಒಳ್ಳೆಯ ಗಾಳಿ ಬೇರೆ ಬೇಕಿರಲಿಲ್ಲ.

ಹೀಗಿರಲು ವಿಭಾಗದ ಮುಖ್ಯಸ್ಥರು ನಿವೃತ್ತರಾಗುವ ಕಾಲ ಬಂತು. ಅದೇ ಹೊತ್ತಿಗೆ, ಬರೆದಿಟ್ಟ ಫಲಿತಾಂಶಗಳು ವಿದ್ಯಾರ್ಥಿಗಳಲ್ಲಿ ನಿಜವಾಗಿ ಇಳಿದಿವೆಯೇ ಎಂದು ನೋಡಿ ಪದವಿಗೆ ಮಾನ್ಯತೆ ಕೊಡುವ ಸಮಿತಿಯೂ ಬರುವುದೆಂದು ಸುದ್ದಿಯಾಯಿತು. ಸಮಿತಿ ಯಾರನ್ನು ಮೆಚ್ಚುತ್ತದೋ ಅವರಿಗೇ ಮುಖ್ಯಸ್ಥನ ಕುರ್ಚಿ ಎಂದು ಪ್ರಿನ್ಸಿಪಾಲರು ಬಾಯಿ ಬಿಟ್ಟು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೇ ಎಲ್ಲರಿಗೂ ತಿಳಿಯುವಂತೆ ಮಾಡಿದರು. ಎತ್ತರದ ಬೆನ್ನಿನ, ತಿರುಗುವ ಕುರ್ಚಿ ಅದು. ಕೋಣೆ ಖಾಲಿಯಿದ್ದಾಗ ಮೇಷ್ಟ್ರು ಅದರಲ್ಲಿ ಕುಳಿತು ಒಂದು ಸುತ್ತು ತಿರುಗಿ ನೋಡಿದ್ದರು. ಹಿತವಾಗಿತ್ತು.

ಸಮಿತಿಗೆ ತೋರಿಸಲು ಷಡ್ಡಕನ ವಿದ್ಯಾರ್ಥಿಗಳು ಒಂದು ಯಂತ್ರ ಮಾಡಿದ್ದರು. ಡಾಕ್ಟರಿಲ್ಲದ ಸಣ್ಣ ಚಿಕಿತ್ಸಾಲಯಗಳಿಗಾಗಿ ಮಾಡಿದ, ಬೂಟಿನ ಡಬ್ಬಿಯಷ್ಟು ದೊಡ್ಡ ಯಂತ್ರ. ರೋಗಿಯ ಎದೆಗೆ ತಂತಿ ಅಂಟಿಸಿದರೆ ಹೃದಯದ ಬಡಿತ ಪರದೆಯ ಮೇಲೆ ಗೆರೆಯಾಗಿ ಓಡುತ್ತಿತ್ತು. ಅಪಾಯ ಕಂಡರೆ ಯಂತ್ರ ಅರಚುತ್ತಿತ್ತು. ಮಾಡಿದವರು ಅವನ ವಿದ್ಯಾರ್ಥಿಗಳು. ಅದು ಸಾಧಿಸಿ ತೋರಿಸುವ ಫಲಿತಾಂಶಗಳು ಇವರ ಬರವಣಿಗೆ. ತಮ್ಮ ಹಾಡಿಗೆ ಷಡ್ಡಕ ಚಪ್ಪಾಳೆ ಗಿಟ್ಟಿಸುವುದನ್ನು ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುಳಿತು ನೋಡಬೇಕಿತ್ತು.

ಇಂಥ ಯಂತ್ರಗಳನ್ನು ಪರೀಕ್ಷಿಸಲು ಪ್ರಯೋಗಶಾಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದನ್ನು ಎಲ್ಲರೂ ನಕಲಿ ರೋಗಿ ಎನ್ನುತ್ತಿದ್ದರು. ಅದಕ್ಕೆ ಹೃದಯವಿಲ್ಲ, ಆದರೆ ಹೃದಯದಂತೆಯೇ ಮಿಡಿಯುತ್ತದೆ. ಗುಂಡಿ ತಿರುಗಿಸಿದಂತೆ ಆರೋಗ್ಯವಂತನಾಗುತ್ತದೆ, ನಿತ್ರಾಣನಾಗುತ್ತದೆ, ಕೊನೆಯುಸಿರೆಳೆಯುತ್ತದೆ. ಷಡ್ಡಕನ ಯಂತ್ರದ ಬೆನ್ನಿನಲ್ಲೂ ಒಂದು ಸ್ವಿಚ್ಚಿತ್ತು: ಮೇಲಕ್ಕಿದ್ದರೆ ಮಂಚದ ಮೇಲಿನ ಅಸಲಿ ಮನುಷ್ಯನ ಹೃದಯ, ಕೆಳಕ್ಕಿದ್ದರೆ ನಕಲಿ ರೋಗಿಯ ಹೃದಯ.

ಸಮಿತಿ ಬರುವ ಹಿಂದಿನ ಸಂಜೆ ಮೇಷ್ಟ್ರು ಪ್ರಯೋಗಶಾಲೆಗೆ ಹೋದರು. ನಕಲಿ ರೋಗಿಯನ್ನು ಮೇಜಿನ ಡ್ರಾಯರಿನೊಳಗೆ ಮಲಗಿಸಿ, ಅದರ ತಂತಿಯನ್ನು ಮೇಜಿನ ಹಿಂಬದಿಯಿಂದ ಯಂತ್ರಕ್ಕೆ ಸೇರಿಸಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಯಂತ್ರದ ಸ್ವಿಚ್ಚನ್ನು ಕೆಳಕ್ಕೆ ಒತ್ತಿದರು. ನಾಳೆ ಮಂಚದ ಮೇಲೆ ಮಲಗುವವನು ಕಾಲೇಜಿನ ಓಟಗಾರ, ಉಕ್ಕಿನಂಥ ಹುಡುಗ. ಅವನು ಇನ್ನೇನು ಸಾಯುತ್ತಾನೆಂದು ಯಂತ್ರ ಅರಚುತ್ತದೆ. ಅವನು ಎದ್ದು ಕುಳಿತು ಹಲ್ಲು ಕಿರಿಯುತ್ತಾನೆ. ಸಮಿತಿ ನಗುತ್ತದೆ. ಷಡ್ಡಕ ತಲೆ ತಗ್ಗಿಸುತ್ತಾನೆ. ಈ ಕೊನೆಯ ದೃಶ್ಯವನ್ನು ಕಲ್ಪಿಸಿಕೊಂಡ ಸುಖಕ್ಕೆ ಮೇಷ್ಟ್ರು ಆ ದಿನ ಹೆಂಡತಿಗೆ ಏನನ್ನೂ ಓದಿ ಹೇಳದೆ ಊಟ ಮುಗಿಸಿದರು. ಆಕೆ ಹಣೆ ಮುಟ್ಟಿ ನೋಡಿದರು.

ಮರುದಿನ ಸಮಿತಿ ಬಂತು. ಅದರ ಅಧ್ಯಕ್ಷೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅದರ ಮೇಲಿನಿಂದ ಜಗತ್ತನ್ನು ನೋಡುವ ಹೆಂಗಸು. ಕೈಯಲ್ಲಿ ಮೇಷ್ಟ್ರು ಬರೆದ ಫಲಿತಾಂಶಗಳ ಹಾಳೆ. ಮಂಚದ ಬಳಿ ಅಂಗಿ ಬಿಚ್ಚಿ ಸಿದ್ಧನಾಗಿ ನಿಂತಿದ್ದ ಓಟಗಾರನನ್ನು ಮೇಲಿಂದ ಕೆಳಗೆ ನೋಡಿದರು.

"ಈ ಹುಡುಗನ ಹೃದಯ ಚೆನ್ನಾಗಿದೆ ಅಂತ ಹೇಳೋಕೆ ಯಂತ್ರ ಯಾಕೆ? ನಾನೇ ಹೇಳ್ತೀನಿ. ನಮಗೆ ಸಾಧಾರಣ ಮನುಷ್ಯ ಬೇಕು. ಸ್ವಲ್ಪ ವಯಸ್ಸಾಗಿರಬೇಕು. ಸ್ವಲ್ಪ ಹೊಟ್ಟೆ ಇರಬೇಕು. ಮುಖದಲ್ಲಿ ಏನಾದ್ರೂ ಕೊರಗು ಕಾಣಿಸ್ತಿದ್ರೆ ಇನ್ನೂ ಒಳ್ಳೇದು."

ಕೋಣೆಯ ಕಣ್ಣುಗಳೆಲ್ಲ ಮಾತಾಡಿಕೊಂಡಂತೆ ಒಂದೇ ಕಡೆ ತಿರುಗಿದವು.

"ನಮ್ಮ ಭಾವನೇ ಇದ್ದಾರಲ್ಲ!" ಎಂದ ಷಡ್ಡಕ, ಲಾಟರಿ ಹೊಡೆದವನಂತೆ.

"ನಾನಾ? ನನಗೆ... ನನಗೆ ಕಚಗುಳಿ ಆಗತ್ತೆ" ಎಂದರು ಮೇಷ್ಟ್ರು.

"ಒಂದು ಹೊಸ ಯಂತ್ರಕ್ಕೆ ಕಚಗುಳಿ ಸಹಿಸ್ಕೊಳ್ಳೋಕಾಗಲ್ವಾ ನಿಮಗೆ? ಮಲಗಿ" ಎಂದರು ಪ್ರಿನ್ಸಿಪಾಲರು. ಮುಖ್ಯಸ್ಥನ ಕುರ್ಚಿಯನ್ನು ಕೈಯಲ್ಲಿಟ್ಟುಕೊಂಡವರ ದನಿ ಅದು. ಮೇಷ್ಟ್ರು ಮಲಗಿದರು.

ವಿದ್ಯಾರ್ಥಿಗಳ ತಂಡದ ನಾಯಕಿ ಅವರ ಹೊಸ ಅಂಗಿಯ ಮೇಲಿನ ಗುಂಡಿ ಬಿಚ್ಚಿ ತಂತಿ ಅಂಟಿಸಿ, ಯಂತ್ರದ ಮುಂಬದಿಯ ಗುಂಡಿ ಒತ್ತಿದಳು. ಆಮೇಲೆ ಪರದೆಯ ಮೇಲೆ, ಹುಚ್ಚು ಹಿಡಿದ ಇರುವೆ ಮಸಿಯಲ್ಲಿ ಅದ್ದಿಕೊಂಡು ಓಡಿದಂತೆ ಒಂದು ಗೆರೆ ಓಡಿತು. ಯಂತ್ರ ಕಿಟಾರನೆ ಕಿರುಚಿತು.

"ಸರ್!" ಎಂದಳು ನಾಯಕಿ. "ನಿಮ್ಮ ಹೃದಯ ಹೋಗ್ತಿದೆ!"

"ನನಗೇನೂ ಆಗಿಲ್ಲಮ್ಮ. ಯಂತ್ರ ನೋಡು, ಯಂತ್ರ."

"ಮೊದಲು ಮನುಷ್ಯ, ಆಮೇಲೆ ಯಂತ್ರ. ನೀವೇ ಬರೆದಿದ್ದೀರಲ್ಲ ಸರ್!" ಎಂದು ಅವಳು ಮನುಷ್ಯನನ್ನು ನೋಡಿದಳು. ಮನುಷ್ಯನ ಹಣೆಯಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ತುಟಿ ಬಿಳಿಚಿತ್ತು. ಕೈ ನಡುಗುತ್ತಿತ್ತು. ಕಳ್ಳತನ ಬಯಲಾಗುವ ಭಯಕ್ಕೂ ಹೃದಯಾಘಾತಕ್ಕೂ ಹೊರಗಿನಿಂದ ಅಷ್ಟೇನೂ ವ್ಯತ್ಯಾಸವಿರುವುದಿಲ್ಲ.

"ಬೆವರು! ನಡುಕ! ಎಲ್ಲಾ ಇದೆ!" ಎಂದು ಅವಳು ಕೂಗಿದಳು.

ನಿಜ ಹೇಳಿಬಿಡಬಹುದಿತ್ತು. 'ನನ್ನ ಹೃದಯ ಎದೆಯಲ್ಲಿ ನೆಟ್ಟಗಿದೆ, ಸಾಯುತ್ತಿರುವುದು ಡ್ರಾಯರಿನೊಳಗಿನದು' ಎಂದರೆ ಸಾಕು. ಆದರೆ ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಅಧ್ಯಕ್ಷೆ ಕೇಳುತ್ತಾರೆ. ಆಮೇಲೆ ಕುರ್ಚಿಯೂ ಇಲ್ಲ, ಮಾನವೂ ಇಲ್ಲ, ಜೊತೆಗೆ ಅತ್ತೆಯ ಬಾಯಿಗೆ ಹೊಸ ಪರಿಚಯವಾಕ್ಯ ಬೇರೆ. ಸಾಯುವುದೇ ಅಗ್ಗವೆಂದು ಮೇಷ್ಟ್ರಿಗೆ ತೋರಿತು.

ಅಷ್ಟರಲ್ಲಿ ಷಡ್ಡಕ ಗಾಬರಿಯಿಂದ, "ಅಂಗಿ ಬಿಗಿಯಾಗಿದೆ, ಕತ್ತರಿಸಬೇಕು! ಕತ್ತರಿ ಆ ಡ್ರಾಯರಿನಲ್ಲಿದೆ!" ಎನ್ನುತ್ತ ಮೇಜಿನತ್ತ ಕೈ ಚಾಚಿದ.

"ಬೇಡ!" ಎಂದು ಸಾಯುತ್ತಿದ್ದವರು ಕೋಣೆ ನಡುಗುವಂತೆ ಗರ್ಜಿಸಿದರು. "ಕತ್ತರಿ ಬೇಡ! ಕೈಯಲ್ಲೇ ಹರೀರಿ!"

"ಭಾವ, ಹೊಸ ಅಂಗಿ..."

"ಹರೀರಿ ಅಂದ್ನಲ್ಲ!"

ಷಡ್ಡಕ ಕಣ್ಣೀರು ಒರೆಸಿಕೊಳ್ಳುತ್ತ ಕಾಲರಿನಿಂದ ಕೆಳಗಿನವರೆಗೆ ಪರ್ರನೆ ಹರಿದ. ಮೇಷ್ಟ್ರ ಕಿಸೆಯಲ್ಲಿದ್ದ ಫೋನಿನ ಸಮೇತ ಆ ಅಂಗಿಯನ್ನು ಕುರ್ಚಿಯ ಮೇಲೆಸೆದ. ಒಬ್ಬ ವಿದ್ಯಾರ್ಥಿ ಆಂಬುಲೆನ್ಸಿಗೆ ಫೋನು ಮಾಡಿ ದಾರಿ ಹೇಳಿದ. ಇನ್ನೊಬ್ಬಳು ಮೇಷ್ಟ್ರ ಹೆಂಡತಿಗೆ ಗಾಬರಿಯಾಗದಂತೆ ಸುದ್ದಿ ಮುಟ್ಟಿಸಿದಳು. ಓಟಗಾರ ಬರಿಮೈಯಲ್ಲೇ ಓಡಿಹೋಗಿ ಗೇಟು ತೆರೆಸಿದ. ಅಧ್ಯಕ್ಷೆ ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು.

"ತಂಡವಾಗಿ ದುಡಿಯಬಲ್ಲರು. ಹೌದು. ಅರ್ಥವಾಗುವಂತೆ ಮಾತಾಡಬಲ್ಲರು. ಹೌದು. ನಿಮ್ಮ ಹುಡುಗರು ಅದ್ಭುತ ಕಣ್ರೀ" ಎಂದು ಅವರು ಷಡ್ಡಕನ ಬೆನ್ನು ತಟ್ಟಿದರು.

ಆ ಒಂದೊಂದು ಗುರುತೂ ಮೇಷ್ಟ್ರ ಎದೆಗೆ ಗುಂಡುಸೂಜಿಯಂತೆ ನಾಟಿತು. ಬರೆದವನು ನಾನು, ಮಲಗಿದವನು ನಾನು, ಸಾಯುತ್ತಿರುವವನೂ ನಾನೇ, ಬೆನ್ನು ಮಾತ್ರ ಅವನದು! ಅವರು ನರಳಿದರು. ಆ ನರಳಿಕೆ ಎಷ್ಟು ಅಪ್ಪಟವಾಗಿತ್ತೆಂದರೆ ಪ್ರಿನ್ಸಿಪಾಲರೇ ಬಾಗಿ ಕಿವಿಯಲ್ಲಿ ಹೇಳಿದರು:

"ಮುಖ್ಯಸ್ಥನ ಜವಾಬ್ದಾರಿ ಬಗ್ಗೆ ಒಂದಿಷ್ಟೂ ಚಿಂತೆ ಮಾಡಬೇಡಿ. ಆ ಭಾರ ಇವತ್ತಿಂದಲೇ ನಿಮ್ಮ ಷಡ್ಡಕರ ತಲೆ ಮೇಲೆ ಹಾಕಿದ್ದೀನಿ. ನೀವು ಆರಾಮವಾಗಿರಿ."

ಸ್ಟ್ರೆಚರ್ ಬಂತು. ಎತ್ತುವ ಮೊದಲು ಅಧ್ಯಕ್ಷೆ ಮೇಷ್ಟ್ರ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದರು, ಪರದೆಯನ್ನು ನೋಡಿದರು, ಮತ್ತೆ ಮಣಿಕಟ್ಟನ್ನು ನೋಡಿದರು. ಕೈಯನ್ನು ಮೆಲ್ಲಗೆ ಮಂಚದ ಮೇಲಿಟ್ಟರು.

ಎದೆಯಿಂದ ತಂತಿ ಕಿತ್ತು, ಮೇಷ್ಟ್ರನ್ನು ಹೊತ್ತು, ಮೆಟ್ಟಿಲಿಳಿಸಿ, ಆಂಬುಲೆನ್ಸಿನೊಳಗೆ ತಳ್ಳಿ ಬಾಗಿಲು ಹಾಕಿದರು. ಸದ್ಯ ಪಾರಾದೆನೆಂದು ಅವರು ಕಣ್ಣು ಮುಚ್ಚಿದರು. ಮರುಕ್ಷಣವೇ ತೆರೆದರು.

ಕಿತ್ತದ್ದು ಅವರ ಎದೆಯ ತಂತಿಯನ್ನು. ಡ್ರಾಯರಿನದನ್ನು ಯಾರೂ ಕಿತ್ತಿರಲಿಲ್ಲ. ಎಂದರೆ ಅಲ್ಲಿ, ಖಾಲಿ ಮಂಚದ ಪಕ್ಕದಲ್ಲಿ, ಸಮಿತಿಯ ಕಣ್ಣೆದುರಿಗೆ, ಯಾರ ಎದೆಗೂ ಅಂಟದ ಯಂತ್ರ ಇನ್ನೂ ಕಿರುಚುತ್ತಲೇ ಇತ್ತು!

"ಗಾಡಿ ತಿರುಗಿಸಿ!" ಎಂದು ಅವರು ಎದ್ದು ಕುಳಿತರು. "ನನಗೇನೂ ಆಗಿಲ್ಲ, ವಾಪಸ್ ಹೋಗ್ಬೇಕು!"

"ಎಲ್ರೂ ಹಂಗೇ ಅಂತಾರೆ ಸಾರ್" ಎಂದು ಪಕ್ಕದಲ್ಲಿದ್ದ ಆಂಬುಲೆನ್ಸಿನವನು ಮೃದುವಾಗಿ ಹಿಂದಕ್ಕೆ ತಳ್ಳಿ ಪಟ್ಟಿ ಬಿಗಿದ. "ಹೋದ ವಾರ ಒಬ್ರು ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತಿದ್ರು. ನಿಮ್ಮದೇನು?"

"ಡ್ರಾಯರಿನಲ್ಲಿ ಹೃದಯ ಇಟ್ಟಿದ್ದೀನಿ!"

ಆಂಬುಲೆನ್ಸಿನವನು ಮುಂದಕ್ಕೆ ಬಾಗಿ ಡ್ರೈವರಿಗೆ, "ಸ್ವಲ್ಪ ಜೋರಾಗಿ ಹೊಡಿಯಣ್ಣ. ತಲೆಗೂ ಏರಿದೆ" ಎಂದ.

ಆಸ್ಪತ್ರೆಯಲ್ಲಿ ಅಸಲಿ ಯಂತ್ರ, ಅಸಲಿ ಡಾಕ್ಟರು. ಅಡ್ಡ ಸ್ವಿಚ್ಚಿಲ್ಲ, ಡ್ರಾಯರಿಲ್ಲ. ಮಂಚದ ತಲೆದೆಸೆಯ ಪರದೆಯ ಮೇಲೆ ಹಸಿರು ಗೆರೆ ಸಾಲಾಗಿ ಹೊಲಿಗೆ ಹಾಕಿದಂತೆ ಓಡುತ್ತಿತ್ತು, ಪಕ್ಕದಲ್ಲಿ ಎಪ್ಪತ್ತನಾಲ್ಕು ಎಂಬ ಅಂಕಿ. ಅಷ್ಟರಲ್ಲಿ ಹೆಂಡತಿಯೂ ಬಂದಿದ್ದರು, ಅವರ ಬೆನ್ನಿಗೆ ಅತ್ತೆಯೂ ಬಂದಿದ್ದರು.

"ಯಾರ್ರೀ ಹೇಳಿದ್ದು ಸಾಯ್ತಾರೆ ಅಂತ?" ಎಂದರು ಡಾಕ್ಟರು. "ಹೃದಯ ಗಡಿಯಾರದ ಹಾಗಿದೆ."

"ಚಿಕ್ಕಳಿಯಂದ್ರ ಯಂತ್ರ ಹೇಳಿದ್ದು" ಎಂದರು ಅತ್ತೆ. "ಅವರು ಮಾಡಿದ್ದು ಯಾವತ್ತೂ ತಪ್ಪಾಗಲ್ಲ. ಇನ್ನೊಂದ್ಸಲ ನೋಡಿ ಡಾಕ್ಟ್ರೇ."

ಅಂಕಿ ಎಂಬತ್ತೆಂಟಾಯಿತು. ಹೆಂಡತಿ ಅದನ್ನು ಗಮನಿಸಿದರು.

ಬಾಗಿಲು ತೆರೆಯಿತು. ಷಡ್ಡಕ ಒಳಗೆ ಬಂದ. ಅವನ ಕೈಯಲ್ಲಿ ಆ ಪುಟ್ಟ ಪೆಟ್ಟಿಗೆ. ಅವನ ಹಿಂದೆ, ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡ ಅಧ್ಯಕ್ಷೆ. ಅಂಕಿ ನೂರಹನ್ನೆರಡಕ್ಕೆ ಜಿಗಿಯಿತು.

"ಭಾವ!" ಎಂದ ಷಡ್ಡಕ, ಮುಖವೆಲ್ಲ ನಗುವಾಗಿ. "ಎಂಥಾ ತಲೆ ಭಾವ ನಿಮ್ಮದು! ನೀವು ಹೋದಮೇಲೂ ಯಂತ್ರ ಅರಚ್ತಾನೇ ಇತ್ತು. ಡ್ರಾಯರ್ ತೆಗೆದ್ರೆ ಇದು! ತಕ್ಷಣ ಗೊತ್ತಾಯ್ತು. ಹುಡುಗರು ನಿಜವಾದ ಅಪಾಯದಲ್ಲಿ ಹೇಗೆ ನಡ್ಕೋತಾರೆ ಅಂತ ನೋಡೋಕೆ ನೀವೇ ಮಾಡಿದ ಪರೀಕ್ಷೆ ಇದು ಅಂತ ಸಮಿತಿಗೆ ಹೇಳಿದೆ. ಅಂಗಿ ಕೂಡಾ ಹರಿಸ್ಕೊಂಡ್ರಲ್ಲ, ಎಂಥಾ ನಟನೆ! ಮುಖ್ಯಸ್ಥನ ಕುರ್ಚಿ ನನಗೆ ಬೇಡ, ಭಾವನಿಗೇ ಕೊಡಿ ಅಂತಾನೂ ಹೇಳಿಬಿಟ್ಟೆ."

ಮೇಷ್ಟ್ರು ಅವನ ಮುಖ ನೋಡಿದರು. ಇವನು ನಿಜವಾಗಿಯೂ ಹಾಗೆ ನಂಬಿದ್ದಾನೆಯೇ? ಎಲ್ಲ ತಿಳಿದೂ ತನ್ನನ್ನು ಉಳಿಸುತ್ತಿದ್ದಾನೆಯೇ? ಒಬ್ಬ ಮನುಷ್ಯ ಇಷ್ಟು ಒಳ್ಳೆಯವನಾಗಿರುವುದಕ್ಕೂ ಒಂದು ಮಿತಿ ಬೇಡವೇ? ಬಯಸಿದ ಕುರ್ಚಿ ಕೊನೆಗೂ ಸಿಕ್ಕಿತ್ತು, ಷಡ್ಡಕನ ಎಂಜಲಾಗಿ. ಅವರು ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ, "ತುಂಬಾ ಸಂತೋಷವಾಯ್ತಪ್ಪ" ಎಂದರು.

ಯಂತ್ರ ಕಿಟಾರನೆ ಕಿರುಚಿತು. ನೂರಮೂವತ್ತು!

ನರ್ಸು ಓಡಿಬಂದಳು. ಡಾಕ್ಟರು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಎಲ್ಲ ಸರಿಯಾಗಿದ್ದವು. ಆಗ ಹೆಂಡತಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು.

"ನೀನು ಒಂದು ನಿಮಿಷ ಹೊರಗೆ ಹೋಗಪ್ಪ" ಎಂದರು ಷಡ್ಡಕನಿಗೆ.

ಅವನು ಹೋದ. ಅಂಕಿ ಇಳಿಯಿತು: ನೂರಹತ್ತು, ತೊಂಬತ್ತು, ಎಂಬತ್ತು.

"ಬಾ ಒಳಗೆ."

ಬಂದ. ಏರಿತು.

"ಹೋಗು."

ಇಳಿಯಿತು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು.

"ಜೀವವಿರುವ ವ್ಯವಸ್ಥೆಯಿಂದ ಅಳತೆ ತೆಗೆದು ಅದರ ಅರ್ಥ ಹೇಳೋದು" ಎಂದರು ಹೆಂಡತಿ ಗಂಡನಿಗೆ. "ದಿನಾ ಊಟದ ಹೊತ್ತಲ್ಲಿ ಬಾಯಿಪಾಠ ಮಾಡಿಸಿದ್ರಲ್ಲ, ಇದೇ ತಾನೇ? ಅರ್ಥ ನಾನು ಹೇಳ್ಲೋ, ನೀವೇ ಹೇಳ್ತೀರೋ?"

ಅಧ್ಯಕ್ಷೆ ಹಾಳೆಯನ್ನು ಬಿಡಿಸಿದರು. "ನನ್ನದೂ ಒಂದು ಬಾಕಿ ಇದೆ. ನೀತಿಯ ಸಾಲಿಗೆ ಮಾತ್ರ ಇನ್ನೂ ಗುರುತು ಹಾಕಿಲ್ಲ. ಪರದೆ ಮೇಲೆ ನೀವು ಸಾಯ್ತಿದ್ದಾಗ ನಿಮ್ಮ ನಾಡಿ ನನ್ನ ಬೆರಳಿಗೆ ಸರಿಯಾಗೇ ಸಿಗ್ತಿತ್ತು. ಸ್ವಲ್ಪ ಓಡ್ತಿತ್ತು, ಅಷ್ಟೇ. ಹೇಳಿ, ಆ ಪೆಟ್ಟಿಗೇನ ಡ್ರಾಯರಿನಲ್ಲಿ ಪರೀಕ್ಷೆಗೆ ಅಂತಾನೇ ಇಟ್ರಾ?"

ಮೇಷ್ಟ್ರು 'ಹೌದು' ಎನ್ನಲು ಬಾಯಿ ತೆರೆದರು. ತಲೆದೆಸೆಯಲ್ಲಿ ಯಂತ್ರ ಆಗಲೇ ಗಂಟಲು ಸರಿಪಡಿಸಿಕೊಳ್ಳುತ್ತಿತ್ತು. ಸುಳ್ಳು ಹೇಳಲು ಜಗತ್ತಿನಲ್ಲಿ ಇದಕ್ಕಿಂತ ಕೆಟ್ಟ ಮಂಚ ಇನ್ನೊಂದಿರಲಾರದು.

"ಹೊಟ್ಟೆಕಿಚ್ಚಿಗೆ ಇಟ್ಟೆ" ಎಂದರು.

"ಅಯ್ಯೋ!" ಎಂದರು ಅತ್ತೆ. ಬಾಗಿಲಲ್ಲಿ ನಿಂತಿದ್ದ ಷಡ್ಡಕ ಅದನ್ನು ಕೇಳಿಸಿಕೊಂಡ.

"ಹಾಗಾದ್ರೆ ಕುರ್ಚಿ ಇವರಿಗೇ ಹೋಗತ್ತೆ" ಎಂದು ಅಧ್ಯಕ್ಷೆ ಷಡ್ಡಕನನ್ನು ತೋರಿಸಿದರು. "ನಿಜ ಹೇಳಿದ್ದಕ್ಕೆ ನೀತಿಗೆ ಅರ್ಧ ಗುರುತು ಹಾಕ್ತೀನಿ." ಅಂಕಿ ಮತ್ತೆ ಮೇಲಕ್ಕೆ ಹತ್ತತೊಡಗಿತು. ಡಾಕ್ಟರು ಸೂಜಿಮದ್ದಿಗೆ ಕೈ ಹಾಕಿದರು.

ಷಡ್ಡಕ ಮೆಲ್ಲಗೆ ಮಂಚದ ಬಳಿ ಬಂದು ಕುಳಿತ. ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಅದರ ಗುಂಡಿಯನ್ನೇ ತಿರುಗಿಸುತ್ತಿದ್ದ.

"ಭಾವ, ನಿಜ ಹೇಳ್ಲಾ? ಆ ಫಲಿತಾಂಶಗಳನ್ನ ನೀವು ಬರೆದಿರೋ ಹಾಗೆ ಒಂದು ಸಾಲು ಬರೆಯೋಕೆ ನನ್ನ ಕೈಲಾಗಲ್ಲ. ಮೂರು ಸಲ ಪ್ರಯತ್ನಪಟ್ಟು ಹರಿದು ಹಾಕಿದ್ದೀನಿ. ಆ ಕೊನೇ ಸಾಲನ್ನ ಯಾರಾದ್ರೂ ಗಟ್ಟಿಯಾಗಿ ಓದಿದ್ರೆ ನನಗೆ ಇಲ್ಲಿ ಉರಿಯತ್ತೆ."

"ಎಲ್ಲಿ?" ಎಂದರು ಮೇಷ್ಟ್ರು, ತಲೆ ಎತ್ತಿ.

"ಇಲ್ಲಿ." ಹೊಟ್ಟೆ ಮುಟ್ಟಿ ತೋರಿಸಿದ.

"ತುಂಬಾ ಉರಿಯತ್ತಾ?"

"ತಡೆಯೋಕಾಗಲ್ಲ ಭಾವ."

ಮೇಷ್ಟ್ರು ನಿಟ್ಟುಸಿರು ಬಿಟ್ಟು ದಿಂಬಿಗೆ ಒರಗಿದರು. ಮುಖದಲ್ಲಿ, ಮಗು ನಿದ್ದೆಯಲ್ಲಿ ನಗುವಾಗಿನ ಕಳೆ. ಪರದೆಯ ಮೇಲೆ ಅಂಕಿ ನೂರು, ತೊಂಬತ್ತು, ಎಂಬತ್ತು ಎಂದು ಮೆಟ್ಟಿಲಿಳಿದು ಎಪ್ಪತ್ತೆರಡರಲ್ಲಿ ಕಾಲು ಚಾಚಿ ಕುಳಿತಿತು. ಡಾಕ್ಟರು ಸೂಜಿಮದ್ದನ್ನು ಕೆಳಗಿಟ್ಟರು.

"ಇದೇ ಔಷಧಿ" ಎಂದರು ಅವರು. "ಎಷ್ಟು ದಿನ ಕೊಡ್ತೀರೋ ಅಷ್ಟು ಒಳ್ಳೇದು."

"ದಿನಕ್ಕೆರಡು ಸಲ ಮನೆಗೆ ಬಂದು ಹೇಳಿ ಹೋಗಪ್ಪ" ಎಂದರು ಹೆಂಡತಿ ಷಡ್ಡಕನಿಗೆ. "ಊಟ ಆದಮೇಲೆ. ಮೊದಲೇ ಹೇಳಿದ್ರೆ ಮತ್ತೆ ಓದೋಕೆ ಶುರುಮಾಡ್ತಾರೆ, ಎಲ್ಲಾ ಆರಿಹೋಗತ್ತೆ."

ಅಧ್ಯಕ್ಷೆ ಷಡ್ಡಕನ ಎದೆಯನ್ನೂ, ಗೋಡೆಗೆ ಜೋತುಬಿದ್ದಿದ್ದ ಇನ್ನೊಂದು ಜೊತೆ ತಂತಿಯನ್ನೂ ಒಮ್ಮೆ ನೋಡಿದರು. ಅವನು ಆಡಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಅರ್ಧ ನಿಮಿಷ ಸಾಕಿತ್ತು. ಅವರು ಕನ್ನಡಕವನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡು, ನೀತಿಯ ಉಳಿದರ್ಧ ಗುರುತನ್ನೂ ಹಾಕಿ, ಹಾಳೆಯನ್ನು ಮಡಿಚಿದರು.